ಗ್ರಾಮವಾಸಕ್ಕೆ ಬರುವ ಕೃಷಿ ವಿದ್ಯಾರ್ಥಿಗಳ ಯೋಗಕ್ಷೇಮ

(ಹಂಗಾರಕಟ್ಟೆಯ ಪರಿಸರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಗ್ರಾಮದ ಹಿರಿಯರಿಗೂ ಭೂಮಾಲಿಕರಿಗೂ ಕೆಲವು ಸೂಚನೆಗಳು)

ಸಸಿಮಡಿಯಿಂದ ಕಿತ್ತ ನೇಜಿಯು ಹೊಸ ಗದ್ದೆಯಲ್ಲಿ ಬೇರೂರುವುದಕ್ಕೆ ಕೆಲವು ದಿನಗಳು ಹಿಡಿಯುವುವು. ಆ ದಿನಗಳಲ್ಲಿ ಪೈರು ಬಾಡಿ ಹಳದಿಗೆ ತಿರುಗುವುದು ಸಹಜವೇ ಆಗಿದೆ. ಆದರೆ ಅನುಭವಶಾಲಿಯಾದ ಬೇಸಾಯಗಾರನು ಇದು ಸಹಜವೆಂದು ಹೇಳಿ ಮನೆಯಲ್ಲಿ ಕುಳಿತುಕೊಳ್ಳುವುದಿಲ್ಲ. ಗದ್ದೆಯಲ್ಲಿ ನೀರನ್ನು ತೆಳುವಾಗಿ ನಿಲ್ಲಿಸಿ, ದಿನಕ್ಕೊಮ್ಮೆಯಾದರೂ ಹುಣಿಯ ಮೇಲೆ ನಡೆದು, ಯಾವ ಮೂಲೆಯ ನೇಜಿ ಎದ್ದಿದೆ, ಯಾವುದು ತೇಲಿಹೋಗಿದೆ ಎಂಬುದನ್ನು ಕಣ್ಣಾರೆ ನೋಡುವನು. ವಿದ್ಯಾಲಯವನ್ನು ಬಿಟ್ಟು ಹಳ್ಳಿಗೆ ಕೆಲಸ ಕಲಿಯಲು ಬರುವ ತರುಣ ತರುಣಿಯರ ವಿಷಯದಲ್ಲಿಯೂ ಇಂಥ ಎಚ್ಚರವು ಅವಶ್ಯಕವಾಗಿದೆ. ಈ ಎಚ್ಚರವು ಹಲವು ಕಡೆಗಳಲ್ಲಿ ಇಲ್ಲದಿರುವುದಕ್ಕೆ ಕಾರಣ ಅನಾದರವಲ್ಲ. ಅತಿಥಿಯು ಸುಮ್ಮನಿದ್ದರೆ ಅವನು ಸುಖವಾಗಿರುವನೆಂದು ತಿಳಿಯುವ ರೂಢಿಯೇ ಅದಕ್ಕೆ ಕಾರಣವಾಗಿದೆ. ಈ ರೂಢಿಯು ಎಷ್ಟರ ಮಟ್ಟಿಗೆ ಅಪಾಯಕರವೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಈ ಕ್ರಮವು ಬಂದ ಬಗೆ

ವ್ಯವಸಾಯ ವಿದ್ಯೆಯನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದೆಂಬುದು ಹೊಸ ಮಾತಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತದಲ್ಲಿದ್ದಾಗ ಆ ಪ್ರಾಂತದ ಕೃಷಿ ಕಾಲೇಜು 1906ರಲ್ಲಿ ಕೊಯಮತ್ತೂರಿನಲ್ಲಿ ಏರ್ಪಟ್ಟಿತು. ಮೈಸೂರು ಸಂಸ್ಥಾನವು 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯನ್ನು ತೆರೆಯಿತು. ಅಲ್ಲಿಯೇ 1946ರಲ್ಲಿಯೂ ಧಾರವಾಡದಲ್ಲಿ 1947ರಲ್ಲಿಯೂ ಕೃಷಿ ಕಾಲೇಜುಗಳು ಆರಂಭವಾದವು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಕರಾವಳಿಗೆ ಸಂಬಂಧಪಟ್ಟ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯವು 2012ರಲ್ಲಿ ಹುಟ್ಟಿತು. ಈಗ ಅದಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿದೆ.

ಈ ಎಲ್ಲ ಸಂಸ್ಥೆಗಳಲ್ಲಿಯೂ ಪ್ರಯೋಗಕ್ಷೇತ್ರಗಳಿದ್ದವು. ಆದರೆ ಪ್ರಯೋಗಕ್ಷೇತ್ರದಲ್ಲಿ ನೀರು, ಗೊಬ್ಬರ, ಆಳುಗಳು ಹೇಳಿದ ಹೊತ್ತಿಗೆ ದೊರೆಯುವುವು. ಸಾಲ, ಮಳೆ, ಕೂಲಿಯ ಅಭಾವ, ಮನೆಯ ಜಗಳ ಇವುಗಳ ನಡುವೆ ರೈತನು ಹೇಗೆ ಬೇಸಾಯ ನಡೆಸುವನೆಂಬುದು ಅಲ್ಲಿ ತಿಳಿಯುವುದಿಲ್ಲ. ಇದನ್ನು ಮನಗಂಡು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸಿದ ರಾಂಧಾವಾ ಸಮಿತಿಯು 1992ರಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ಪದವಿಯ ಅಂಗವಾಗಿ ಮಾಡಬೇಕೆಂದು ಶಿಫಾರಸು ಮಾಡಿತು. 2015ರ ಜುಲೈ ತಿಂಗಳಲ್ಲಿ 'ಸ್ಟೂಡೆಂಟ್ ರೆಡಿ' ಎಂಬ ಯೋಜನೆಯು ಪ್ರಕಟವಾಯಿತು. ಅದರ ಬಳಿಕ ಐದನೆಯ ಡೀನರ ಸಮಿತಿಯು ಹಾಕಿಕೊಟ್ಟ ಕ್ರಮದಲ್ಲಿ ನಾಲ್ಕನೆಯ ವರ್ಷದ ಒಂದು ಅರ್ಧಭಾಗವು, ಎಂದರೆ 20 ವಾರಗಳು, ಇದಕ್ಕೆ ಮೀಸಲಾದವು. ಅದರಲ್ಲಿ 1 ವಾರ ಪೂರ್ವಸಿದ್ಧತೆ, 8 ವಾರ ಗ್ರಾಮವಾಸ, 5 ವಾರ ಸಂಶೋಧನಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೆಲಸ, 2 ವಾರ ಸಸ್ಯ ಚಿಕಿತ್ಸಾಲಯ, 3 ವಾರ ಕೃಷಿ ಸಂಬಂಧವಾದ ಉದ್ಯಮ, 1 ವಾರ ವರದಿ ಮತ್ತು ಪರೀಕ್ಷೆ ಎಂದು ವಿಂಗಡಣೆಯಾಗಿದೆ. 2024ರಲ್ಲಿ ಬಂದ ಆರನೆಯ ಡೀನರ ಸಮಿತಿಯ ವರದಿಯು ಮೊದಲ ಅಥವಾ ಎರಡನೆಯ ವರ್ಷಕ್ಕೇ ವಿದ್ಯಾಭ್ಯಾಸವನ್ನು ನಿಲ್ಲಿಸಿ ಪ್ರಮಾಣಪತ್ರವನ್ನಾಗಲಿ ಡಿಪ್ಲೊಮಾವನ್ನಾಗಲಿ ಪಡೆಯುವವರಿಗೂ 10 ವಾರಗಳ ಕಾರ್ಯಾನುಭವವನ್ನು ವಿಧಿಸಿದೆ. ಆದುದರಿಂದ ಇನ್ನು ಮುಂದೆ ಹದಿನೆಂಟು ಹತ್ತೊಂಬತ್ತು ವಯಸ್ಸಿನವರೂ ಹೀಗೆ ಕೆಲಸಕ್ಕೆ ಬರುವ ಸಂಭವವುಂಟು.

ಗ್ರಾಮವಾಸದ ಎಂಟು ವಾರಗಳಲ್ಲಿ ವಿದ್ಯಾರ್ಥಿಗಳು ತಂಡತಂಡವಾಗಿ ಊರಿನಲ್ಲಿ ಉಳಿದುಕೊಳ್ಳುವರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಆತಿಥೇಯ ರೈತನನ್ನು ಗೊತ್ತುಮಾಡುವ ರೂಢಿಯಿದೆ. ಅವರು ದಿನಚರಿ ಬರೆಯುವರು. ಬೀಜೋಪಚಾರ, ಮಣ್ಣಿನ ಮಾದರಿ ತೆಗೆಯುವಿಕೆ ಮುಂತಾದ ಪ್ರಾತ್ಯಕ್ಷಿಕೆಗಳನ್ನು ನಡೆಸುವರು. ಶಾಲೆಯ ಅಂಗಳದಲ್ಲಿ ರಂಗೋಲಿಯ ಪುಡಿಯಿಂದ ಊರಿನ ನಕ್ಷೆಯನ್ನು ಬಿಡಿಸಿ, ಹಿರಿಯರನ್ನು ಕರೆದು ತಪ್ಪುಗಳನ್ನು ತಿದ್ದಿಸಿಕೊಳ್ಳುವರು. ಕೊನೆಗೆ ಇದೆಲ್ಲಕ್ಕೂ ಅಂಕಗಳು ದೊರೆಯುವುವು. ಈ ಅಂಕಗಳ ಮಾತನ್ನು ಗ್ರಾಮದ ಮುಖಂಡರು ಮರೆಯದಿರಬೇಕು. ಮುಂದಿನ ವಿಚಾರವು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಹಂಗಾರಕಟ್ಟೆಯ ಸನ್ನಿವೇಶ

ಬ್ರಹ್ಮಾವರ ತಾಲ್ಲೂಕಿನ ಹಂಗಾರಕಟ್ಟೆಯು ಸೀತಾನದಿಯ ದಡದಲ್ಲಿರುವ ಹಳೆಯ ಬಂದರು. ಸೀತಾ ಮತ್ತು ಸ್ವರ್ಣಾ ನದಿಗಳು ಇದರ ಸಮೀಪದಲ್ಲಿಯೇ ಕೂಡಿ ಸಮುದ್ರವನ್ನು ಸೇರುವುವು. ನದಿಗೂ ಸಮುದ್ರಕ್ಕೂ ನಡುವೆ ಕೋಡಿ ಬೆಂಗ್ರೆಯ ಮರಳ ಪಟ್ಟಿ ಚಾಚಿಕೊಂಡಿದೆ. ಬಾಳೆಕುದ್ರು ಮಠ, ಮೀನುಗಾರಿಕೆ, ಹಡಗು ಕಟ್ಟುವ ಕೆಲಸ, ಐರೋಡಿಯ ಯಕ್ಷಗಾನ ಕಲಾಕೇಂದ್ರ ಇವೆಲ್ಲವೂ ಈ ಪರಿಸರಕ್ಕೆ ಸೇರಿವೆ. ಹೆದ್ದಾರಿಗೆ ಬಂದು ಸ್ವಲ್ಪ ದೂರ ತೆಂಕಕ್ಕೆ ಹೋದರೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಉಡುಪಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಇವೆ.

ಕಲಿಯಲು ಬರುವವರಿಗೆ ಇಂಥ ಊರು ಒಂದು ತೆರೆದ ಪುಸ್ತಕವಿದ್ದಂತೆ. ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ಭೇದವನ್ನೂ, ಭರತದ ವೇಳೆ ಹೊಳೆಯಲ್ಲಿ ಏರಿಬರುವ ಉಪ್ಪುನೀರನ್ನು ಕಟ್ಟೆ ಹಾಗೂ ಕಿಂಡಿ ಅಣೆಕಟ್ಟುಗಳಿಂದ ತಡೆಯುವ ಉಪಾಯವನ್ನೂ, ಎಂ.ಓ.4 ಎಂಬ ಕೆಂಪಕ್ಕಿಯ ಭತ್ತವು ಕರಾವಳಿಯ ಮಳೆಗೆ ಹೇಗೆ ಹೊಂದಿಕೊಂಡಿತೆಂಬುದನ್ನೂ, ತೆಂಗು, ಮೀನು, ಭತ್ತ ಇವು ಮೂರೂ ಒಂದೇ ಮನೆಯನ್ನು ಹೇಗೆ ಪೋಷಿಸುವುವೆಂಬುದನ್ನೂ ಇಲ್ಲಿ ಕಣ್ಣಾರೆ ನೋಡಬಹುದು. ಆದರೆ ಬಯಲುಸೀಮೆಯವನಿಗೆ ಇದು ಪರದೇಶವೇ ಸರಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಹೇಗೆ ನಡೆಯಬೇಕು, ಎಲ್ಲಿ ಕಾಲಿಡಬಾರದು ಎಂಬುದು ಇಲ್ಲಿಯ ಮಕ್ಕಳಿಗೆ ಹುಟ್ಟಿನಿಂದ ಬಂದಿರುತ್ತದೆ. ಹೊರಗಿನಿಂದ ಬಂದವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗುವುದು.

ಮೌನದಿಂದಾಗುವ ಹಾನಿ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ವಿಜಯಪುರದ ಕಡೆಯ ಒಬ್ಬ ವಿದ್ಯಾರ್ಥಿಯು ಮಳೆಗಾಲದಲ್ಲಿ ಇಂಥ ಊರಿಗೆ ಬಂದಿರುವನೆನ್ನೋಣ. ಅವನು ಜೋಳದ ರೊಟ್ಟಿಯನ್ನು ಉಂಡು ಬೆಳೆದವನು. ಇಲ್ಲಿ ಎರಡು ಹೊತ್ತೂ ಕುಚ್ಚಲಕ್ಕಿಯ ಅನ್ನ. ಒಗೆದ ಬಟ್ಟೆ ನಾಲ್ಕು ದಿನವಾದರೂ ಆರುವುದಿಲ್ಲ. ಕುಂದಾಪುರದ ಕಡೆಯ ಮಾತು ಕನ್ನಡವೇ ಆಗಿದ್ದರೂ ಅದರ ವೇಗಕ್ಕೆ ಅವನ ಕಿವಿ ಒಗ್ಗಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಮನೆಯ ಯಜಮಾನರು ಎಲ್ಲರ ಎದುರಿಗೆ, "ಎಲ್ಲ ಅನುಕೂಲವಾಗಿದೆಯಷ್ಟೆ?" ಎಂದು ಕೇಳುವರು. ಅವನು, "ಅನುಕೂಲವಾಗಿದೆ" ಎನ್ನುವನು. ಬೇರೆ ಏನು ಹೇಳಿಯಾನು? ಉಣ್ಣಲಿಕ್ಕೆ ಕೊಟ್ಟವರ ಮುಂದೆ ಊಟ ಸೇರುತ್ತಿಲ್ಲವೆಂದು ಹೇಳುವುದು ಮರ್ಯಾದೆಯಲ್ಲ. ಅಧ್ಯಾಪಕರಿಗೆ ಹೇಳಿದರೆ ಹಳ್ಳಿಯಲ್ಲಿ ಬಾಳಲಾರದವನೆಂದು ಅಂಕ ಕಡಿಮೆಯಾದೀತೆಂಬ ಭಯ. ಮನೆಗೆ ಹೇಳಿದರೆ ತಾಯಿ ಅತ್ತಾಳು.

ಎರಡನೆಯ ವಾರದಲ್ಲಿ ಅವನಿಗೆ ಜ್ವರ ಬರುವುದು. ತಲೆನೋವು, ಮೀನಖಂಡದಲ್ಲಿ ಸೆಳೆತ, ಕಣ್ಣು ಕೆಂಪು. ಮಳೆಯಲ್ಲಿ ನೆನೆದುದರಿಂದ ಬಂತೆಂದು ಅವನು ತಿಳಿಯುವನು. ಮರುದಿನ ಪ್ರಾತ್ಯಕ್ಷಿಕೆಯಿದೆ, ಹಾಜರಿ ಬೇಕು. ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿ ಗದ್ದೆಗೆ ಇಳಿಯುವನು. ಆದರೆ ಈ ಲಕ್ಷಣಗಳು ಕರಾವಳಿಯ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಇಲಿಜ್ವರದ ಲಕ್ಷಣಗಳು. ಇಲಿ, ದನ ಮುಂತಾದ ಪ್ರಾಣಿಗಳ ಮೂತ್ರದಿಂದ ಕೆಟ್ಟ ನೀರು ಕಾಲಿನ ಗಾಯದ ಮೂಲಕ ದೇಹವನ್ನು ಹೊಕ್ಕು, ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಈ ಜ್ವರವು ತಲೆದೋರುವುದು. ಆರಂಭದಲ್ಲಿಯೇ ವೈದ್ಯರ ಬಳಿಗೆ ಹೋದರೆ ಇದು ಸುಲಭವಾಗಿ ಗುಣವಾಗುವ ಕಾಯಿಲೆ. ತಡವಾದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ ಮುಂತಾದುವುಗಳಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಈ ವಿದ್ಯಾರ್ಥಿಗೆ ಯಾರೂ ಅನ್ಯಾಯ ಮಾಡಲಿಲ್ಲ. ಯಜಮಾನರು ಸಜ್ಜನರು, ಅಧ್ಯಾಪಕರು ಕರ್ತವ್ಯನಿಷ್ಠರು. ಆದರೂ ಅವನು ಅಪಾಯಕ್ಕೆ ಗುರಿಯಾಗುವನು. ತನ್ನ ಅಂಕ, ಊಟ, ವಸತಿ ಮೂರೂ ಇತರರ ಕೈಯಲ್ಲಿರುವಾಗ ಯಾವನೂ ಧಾರಾಳವಾಗಿ ದೂರು ಹೇಳಿಕೊಳ್ಳಲಾರನು. ಆದುದರಿಂದ ಮಾತನ್ನು ಮೊದಲು ಎತ್ತಬೇಕಾದವರು ಹಿರಿಯರೇ. ಕೇಳುವುದನ್ನು ಸಭೆಯಲ್ಲಿ ಕೇಳದೆ ಏಕಾಂತದಲ್ಲಿ ಕೇಳಬೇಕು. "ಚೆನ್ನಾಗಿದೆಯೇ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುವುದು. "ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು? ಕಾಲಿನಲ್ಲಿ ಗಾಯವೇನಾದರೂ ಇದೆಯೇ? ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದರೆ ನಿಜಸ್ಥಿತಿಯು ಹೊರಬೀಳುವುದು. ಕರುವು ಮೇವು ಬಿಟ್ಟಿತೆಂದರೆ ಅದರ ಕಣ್ಣು, ಮೂಗು, ಸಗಣಿ ಎಲ್ಲವನ್ನೂ ನೋಡುವ ರೈತನಿಗೆ ಈ ಕ್ರಮವನ್ನು ಹೇಳಿಕೊಡಬೇಕಾದ್ದಿಲ್ಲ.

ಮನಸ್ಸಿನ ಸ್ವಾಸ್ಥ್ಯವೂ ಹಾಗೆಯೇ. ವಿದ್ಯಾರ್ಥಿನಿಲಯದಲ್ಲಿ ಮೂರು ವರ್ಷ ಗೆಳೆಯರ ನಡುವೆ ಇದ್ದವರಿಗೆ ಹಳ್ಳಿಯ ದೀರ್ಘವಾದ ಸಂಜೆಗಳು ಭಾರವಾಗಬಹುದು. ಊಟ ಬಿಡುವುದು, ಮಾತು ಕಡಿಮೆಯಾಗುವುದು, ತಂಡವನ್ನು ತಪ್ಪಿಸಿ ಒಬ್ಬನೇ ಹೊಳೆಯ ಕಡೆಗೆ ಹೋಗುವುದು ಇವನ್ನು ಸೋಮಾರಿತನವೆಂದಾಗಲಿ ಗರ್ವವೆಂದಾಗಲಿ ಎಣಿಸಬಾರದು. ಉನ್ನತ ಶಿಕ್ಷಣದ ವಿದ್ಯಾರ್ಥಿಗಳ ಮನಃಕ್ಲೇಶವು ದೇಶದ ಗಮನಕ್ಕೆ ಬಂದಿರುವ ವಿಷಯವಾಗಿದೆ. 2025ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರ ಅಧ್ಯಕ್ಷತೆಯಲ್ಲಿ ಒಂದು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಅದೇ ವರ್ಷದ ಜುಲೈಯಲ್ಲಿ, 100ಕ್ಕಿಂತ ಕಡಿಮೆಯಿಲ್ಲದೆ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹರಾದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಆದರೆ ಸಮಾಲೋಚಕರು ವಿದ್ಯಾಲಯದಲ್ಲಿರುವರು, ವಿದ್ಯಾರ್ಥಿಯು ಘಟ್ಟದ ಕೆಳಗಿರುವನು. ಈ ಅಂತರವನ್ನು ತುಂಬುವುದು ಊರಿನವರ ಕೈಯಲ್ಲಿದೆ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಅದಕ್ಕೆ ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು.

ಕಲಿಕೆಯೋ ಕೂಲಿಯೋ

ನಾಟಿಯ ಕಾಲದಲ್ಲಿ ಆಳುಗಳ ಅಭಾವವು ಎಲ್ಲರಿಗೂ ತಿಳಿದದ್ದೇ. ಆ ಸಮಯದಲ್ಲಿ ಹತ್ತು ಮಂದಿ ತರುಣರು ಊರಿಗೆ ಬಂದರೆ, ದಿನವಿಡೀ ಅವರಿಂದ ನೇಜಿ ಹೊರಿಸೋಣವೆಂಬ ಆಸೆಯು ಹುಟ್ಟುವುದು ಸಹಜ. ವಿದ್ಯಾರ್ಥಿಯು ಕೆಸರಿಗೆ ಇಳಿಯಲೇಬೇಕು, ಬಾಗಿ ನೆಡಲೇಬೇಕು. ಸೊಂಟ ನೋಯದೆ ಭತ್ತದ ಬೆಲೆ ತಿಳಿಯದು. ಆದರೆ ಒಂದೆರಡು ಗದ್ದೆ ನೆಟ್ಟು ಸಾಲು, ಅಂತರ, ನೇಜಿಯ ವಯಸ್ಸು ಇವುಗಳನ್ನು ತಿಳಿದ ಮೇಲೆ ಅದೇ ಕೆಲಸವನ್ನು ಹದಿನೈದು ದಿನ ಮಾಡಿಸಿದರೆ ಅದು ಕಲಿಕೆಯಲ್ಲ, ಕೂಲಿಯಿಲ್ಲದ ಕೂಲಿ. ವಿದ್ಯಾರ್ಥಿಗೆ ಪರಿಷತ್ತಿನಿಂದ ದೊರೆಯುವಂತೆ ಗೊತ್ತಾದ ತಿಂಗಳಿಗೆ 3000 ರೂಪಾಯಿಗಳ ವೇತನವು ಅವನ ಖರ್ಚಿಗೆ ಇರುವುದೇ ಹೊರತು ಜಮೀನುದಾರರ ಆಳುಸಂಬಳಕ್ಕೆ ಬದಲಾಗಿ ಅಲ್ಲ. 2023ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೆಲಸ ಕಲಿಯುವವರ ಬಗ್ಗೆ ಅಂಗೀಕರಿಸಿದ 208ನೆಯ ಶಿಫಾರಸಿನಲ್ಲಿಯೂ ಮಿತವಾದ ಕೆಲಸದ ವೇಳೆ, ವಿಶ್ರಾಂತಿ, ಸುರಕ್ಷತೆ ಇವುಗಳಿಗೆ ಸ್ಥಾನವಿದೆ. ಹೀಗೆ ಇದು ಲೋಕವೇ ಒಪ್ಪಿದ ನೀತಿಯಾಗಿದೆ.

ಪ್ರತ್ಯಕ್ಷವಾದ ಅಪಾಯಗಳು

ಇಲಿಜ್ವರದ ವಿಷಯವು ಮೇಲೆ ಬಂದಿದೆ. ಕಾಲಿನಲ್ಲಿ ಗಾಯವಿರುವವರನ್ನು ಗದ್ದೆಗೆ ಇಳಿಸಬಾರದು. ತಂಡವು ಬಂದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ಮುಂಜಾಗ್ರತೆಯ ಮಾತ್ರೆಯು ಬೇಕೇ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಹಾವಿನ ಕಡಿತವು ಎರಡನೆಯದು. ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿದೆ. ಕಡಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮದ್ದಿಗೆಂದು ಅಲ್ಲಿ ಇಲ್ಲಿ ಅಲೆಯುವುದು ಇವು ಪ್ರಾಣಕ್ಕೆ ಮುಳುವಾಗುವುವು. ಕೈಕಾಲನ್ನು ಅಲುಗಿಸದಂತೆ ಇಟ್ಟು, 108ಕ್ಕೆ ಕರೆಮಾಡಿ, ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯದು ನೀರು. ಬಯಲುಸೀಮೆಯ ಕೆರೆಯಲ್ಲಿ ಈಜಿದವರು ಅಳಿವೆಯ ಸೆಳೆತವನ್ನು ಅರಿಯರು. ಭರತ ಇಳಿಯುವಾಗ ಹೊಳೆಯ ನೀರು ಸಮುದ್ರದ ಕಡೆಗೆ ಎಳೆಯುವ ರಭಸಕ್ಕೆ ನುರಿತ ಬೆಸ್ತನೂ ಹೆದರುವನು. ಮಳೆಗಾಲದಲ್ಲಿ ವಿದ್ಯಾರ್ಥಿಗಳು ಅಳಿವೆಯಲ್ಲಿ ಸ್ನಾನಕ್ಕೆ ಇಳಿಯದಂತೆ ಖಂಡಿತವಾಗಿ ತಡೆಯಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಗಳಿಂದ ಬರುವವರಿಗೂ ಈ ಮಾತು ಅನ್ವಯಿಸುವುದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ ನಿಷೇಧವಿರುವ ದಿನಗಳಲ್ಲಿ, ಕಲಿಯುವ ನೆಪದಿಂದ ಅವರನ್ನು ನಾಡದೋಣಿಯಲ್ಲಿ ಸಮುದ್ರಕ್ಕೆ ಕರೆದೊಯ್ಯುವುದು ಸಲ್ಲದು.

ಕೊಯ್ಲಿನ ದಿನಗಳ ಸಿಡಿಲು, ಯಂತ್ರದ ತಿರುಗುವ ಭಾಗಗಳು, ಕೀಟನಾಶಕಗಳು ಇವೂ ಲಕ್ಷ್ಯಕ್ಕೆ ಅರ್ಹವಾದವು. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿರುವ ಔಷಧವನ್ನು ವಿದ್ಯಾರ್ಥಿಯ ಕೈಗೆ ಕೊಡಬಾರದು. ಅಡಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ತಯಾರಿಸುವುದನ್ನು ಅವನು ನೆಲದ ಮೇಲೆ ನಿಂತು ಕಲಿಯಲಿ. ಒದ್ದೆ ಮರವನ್ನು ಹತ್ತುವುದು ಪಳಗಿದವರ ಕೆಲಸ.

ವಿದ್ಯಾರ್ಥಿನಿಯರ ವಿಷಯ

ಈಗ ಕೃಷಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆಯು ದೊಡ್ಡದಾಗಿದೆ. ಅವರ ವಸತಿಗೆ ಭದ್ರವಾದ ಬಾಗಿಲು, ಹತ್ತಿರದಲ್ಲಿಯೇ ಶೌಚಾಲಯ ಮತ್ತು ಸ್ನಾನದ ಮನೆ, ರಾತ್ರಿ ದೀಪ ಇವು ಇಲ್ಲವಾದರೆ ಅಂಥ ಮನೆಯನ್ನು ಗೊತ್ತುಮಾಡಲೇಬಾರದು. ಗದ್ದೆಯಲ್ಲಿ ದಿನವಿಡೀ ಇರುವ ಹುಡುಗಿಯು ಶೌಚಾಲಯವಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟರೆ ಅದು ಕಾಯಿಲೆಗೆ ದಾರಿ. ಇದನ್ನು ಅವಳು ಯಜಮಾನರಿಗೆ ಹೇಳಲಾರಳು. ಮನೆಯ ಹಿರಿಯ ಹೆಂಗಸರು ತಾವಾಗಿ ಕೇಳಬೇಕು.

ಕಾನೂನನ್ನೂ ತಿಳಿದಿರುವುದು ಲೇಸು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2015ರ ನಿಯಮಗಳ ಪ್ರಕಾರ, ವಿದ್ಯಾರ್ಥಿಗಳು ಕಾರ್ಯಾನುಭವಕ್ಕಾಗಿ ಹೋದ ಸ್ಥಳವೂ ಅವರು ಪ್ರಯಾಣ ಮಾಡುವ ಸಂಸ್ಥೆಯ ವಾಹನವೂ ವಿದ್ಯಾಲಯದ ಆವರಣಕ್ಕೆ ಸಮಾನವೇ. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಶಾಸನವು ಕೆಲಸ ಕಲಿಯುವವರನ್ನೂ ಒಳಗೊಂಡಿದೆ. 10ಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗಗಳ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಯು ವಿಚಾರಿಸುವುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಇಂಥ ದೂರು ಬಂದಾಗ ಊರಿನ ಮರ್ಯಾದೆಯ ಮಾತೆತ್ತಿ ಅದನ್ನು ಮುಚ್ಚಲು ಹೋಗುವ ಮುಖಂಡನು ಊರಿನ ಮರ್ಯಾದೆಯನ್ನೇ ಕಳೆಯುವನು.

ಆಚರಣೆಗೆ ತರಬೇಕಾದ ಸೂಚನೆಗಳು

1. ತಂಡವು ಬರುವುದಕ್ಕೆ ಮೊದಲು ವಸತಿ, ಬಾವಿಯ ನೀರು, ಶೌಚಾಲಯ ಇವುಗಳನ್ನು ಪಂಚಾಯತಿಯ ಸದಸ್ಯರೊಬ್ಬರು ತಾವೇ ಹೋಗಿ ನೋಡತಕ್ಕದ್ದು. ಕುಡಿಯುವ ನೀರನ್ನು ಕುದಿಸಿಕೊಡತಕ್ಕದ್ದು.

2. ಊರಿನ ನಕ್ಷೆಯನ್ನು ರಂಗೋಲಿಯಲ್ಲಿ ಬಿಡಿಸುವ ದಿನ ಹಿರಿಯರು ಗದ್ದೆ, ತೋಟ, ದೇವಸ್ಥಾನಗಳನ್ನು ತೋರಿಸಿ ಬಿಡಬಾರದು. ಕಟ್ಟೆಯಿಲ್ಲದ ಬಾವಿ, ಜಾರುವ ಸಂಕ, ಸೆಳೆತದ ಕಡವು, ಆಸ್ಪತ್ರೆಯ ದಾರಿ ಇವನ್ನೂ ಕೆಂಪು ಪುಡಿಯಿಂದ ಗುರುತಿಸಿಕೊಡಬೇಕು.

3. ಆತಿಥೇಯ ರೈತನಲ್ಲದೆ, ಅಂಕಗಳಿಗೂ ಊಟ ವಸತಿಗಳಿಗೂ ಸಂಬಂಧವಿಲ್ಲದ ಒಬ್ಬ ಹಿರಿಯರನ್ನೂ ಒಬ್ಬ ಹಿರಿಯ ಮಹಿಳೆಯನ್ನೂ ಮಕ್ಕಳ ಕಷ್ಟಸುಖ ವಿಚಾರಿಸಲು ಗೊತ್ತುಮಾಡಬೇಕು. ನಿವೃತ್ತ ಉಪಾಧ್ಯಾಯರು, ಆಶಾ ಕಾರ್ಯಕರ್ತೆಯರು ಇದಕ್ಕೆ ಯೋಗ್ಯರು.

4. ಅವರು ವಾರಕ್ಕೊಮ್ಮೆ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಮಾತಾಡಿಸತಕ್ಕದ್ದು. ಮೊದಲ ಎರಡು ವಾರಗಳಲ್ಲಿ ಇದು ದಿನಕ್ಕೊಮ್ಮೆಯಾದರೆ ಉತ್ತಮ.

5. ಜ್ವರ ಬಂದವರನ್ನು ಅದೇ ದಿನ ವೈದ್ಯರಿಗೆ ತೋರಿಸಿ, ಗದ್ದೆಯ ಕೆಲಸ ಮಾಡುತ್ತಿರುವವರೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಕಾಯಿಲೆಯಿಂದ ತಪ್ಪಿದ ಹಾಜರಿಗಾಗಿ ವಿದ್ಯಾರ್ಥಿಯ ಪರವಾಗಿ ಅಧ್ಯಾಪಕರಿಗೆ ಊರಿನವರೇ ಒಂದು ಮಾತು ಹೇಳಬೇಕು.

6. ವಾರಕ್ಕೊಂದು ದಿನ ಪೂರ್ಣ ಬಿಡುವು ಇರಬೇಕು. ಆ ದಿನ ಆಟವನ್ನೋ ಕೋಲವನ್ನೋ ತೇರನ್ನೋ ನೋಡಲು ಕರೆದುಕೊಂಡು ಹೋದರೆ ಪರಸ್ಥಳದ ಬೇಸರವು ಬಹಳವಾಗಿ ಕಡಿಮೆಯಾಗುವುದು.

7. ವೈದ್ಯರು, ಮೇಲ್ವಿಚಾರಕ ಅಧ್ಯಾಪಕರು, 108, 14416 ಈ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ವಸತಿಯ ಗೋಡೆಗೆ ಅಂಟಿಸತಕ್ಕದ್ದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾಗಿರುವುದು ದಿನಕ್ಕೆ ಕಾಲು ಗಂಟೆಯ ಗಮನ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರಾಗಿದ್ದ ಅನೇಕ ಕುಟುಂಬಗಳು ಭೂಮಿಯ ಒಡೆತನವನ್ನು ಪಡೆದು, ಮಕ್ಕಳನ್ನು ದೂರದ ಊರುಗಳಿಗೆ ಓದಲು ಕಳುಹಿಸಿವೆ. ತಮ್ಮ ಮಗನು ಬೆಂಗಳೂರಿನಲ್ಲಿ ಜ್ವರ ಬಂದು ಮಲಗಿದಾಗ ನೆರೆಮನೆಯವರು ಒಂದು ಲೋಟ ಗಂಜಿ ಕೊಡಲಿ ಎಂದು ಬಯಸದ ತಾಯಿತಂದೆಗಳಿಲ್ಲ. ಆ ಗಂಜಿಯನ್ನು ಇಲ್ಲಿ ಕೊಡಬೇಕಾದವರು ಅವರೇ ಆಗಿರುವರು.

ಎಂಟು ವಾರ ಊರಿನಲ್ಲಿದ್ದು ಹೋಗುವ ಈ ತರುಣರಲ್ಲಿ ಕೆಲವರು ನಾಳೆ ಕೃಷಿ ಅಧಿಕಾರಿಗಳಾಗುವರು, ಕೆಲವರು ಬ್ಯಾಂಕಿನಲ್ಲಿ ಕುಳಿತು ರೈತರ ಸಾಲದ ಅರ್ಜಿಗಳನ್ನು ನೋಡುವರು, ಕೆಲವರು ಹೊಸ ತಳಿಗಳನ್ನು ಹುಡುಕುವರು. ಹಳ್ಳಿಯೆಂದರೆ ಏನೆಂಬುದನ್ನು ಅವರು ಕಲಿಯುವುದು ಈ ದಿನಗಳಲ್ಲಿಯೇ. ಅವರಿಗೆ ಆಶ್ರಯ ಕೊಟ್ಟ ಗ್ರಾಮದ ಹಿರಿಯರು ಇಂದು ಸಂಜೆಯೇ ಒಮ್ಮೆ ಅವರ ವಸತಿಯ ಕಡೆಗೆ ನಡೆದುಹೋಗಿ, ಒಬ್ಬೊಬ್ಬರನ್ನಾಗಿ ಕರೆದು ಕ್ಷೇಮವನ್ನು ವಿಚಾರಿಸುವರೆಂದು ಆಶಿಸಲಾಗಿದೆ.